ಆಸ್ತಿಕ, ನಾಸ್ತಿಕ ಮತ್ತು ಅನುಭಾವಿ



ಈ ಹೊತ್ತು ನಾವು ವಿಚಾರ ಮಾಡಬೇಕೆಂದಿರುವ ಪ್ರಶ್ನೆ ಬಹಳ ಹಳೆಯದು. ಆದರೆ ಪ್ರತಿಯೊಂದು ಮನೆಯಲ್ಲಿಯೂ ಅದು ಹೊಸದಾಗಿಯೇ ಹುಟ್ಟುತ್ತದೆ. ದೇವರು ಇದ್ದಾನೆಯೋ, ಇಲ್ಲವೋ? ಇದ್ದಾನೆ ಎನ್ನುವವನು ಆಸ್ತಿಕ, ಇಲ್ಲ ಎನ್ನುವವನು ನಾಸ್ತಿಕ ಎಂದು ನಾವು ಎರಡು ಸಾಲು ಮಾಡಿ ಜನರನ್ನು ನಿಲ್ಲಿಸಿಬಿಡುತ್ತೇವೆ. ಹಾಗೆ ನಿಲ್ಲಿಸಿದ ಮೇಲೆ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ವಾಸ್ತವವಾಗಿ ಕೆಲಸ ಆರಂಭವಾಗುವುದೇ ಅಲ್ಲಿಂದ.

ಎಷ್ಟೋ ಮನೆಗಳಲ್ಲಿ ಇಂದು ಏನು ನಡೆಯುತ್ತಿದೆ ನೋಡಿರಿ. ಅಜ್ಜ ಬೆಳಿಗ್ಗೆ ಎದ್ದು, ಮಿಂದು, ಹಣೆಗೆ ವಿಭೂತಿ ಧರಿಸಿ, ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಕಣ್ಣು ನೆಟ್ಟು ಕೂಡುತ್ತಾನೆ. ಪಟ್ಟಣದಲ್ಲಿ ಓದುವ ಮೊಮ್ಮಗ ರಜೆಗೆ ಬಂದವನು, "ಅಜ್ಜಾ, ಇದರಿಂದ ಏನು ಸಿಗುತ್ತದೆ?" ಎಂದು ಕೇಳುತ್ತಾನೆ. ಅಜ್ಜನಿಗೆ ಸಿಟ್ಟು ಬರುತ್ತದೆ. ನಡುವೆ ಸಿಕ್ಕಿದ ತಾಯಿ ಮಠಕ್ಕೆ ಬಂದು, "ಬುದ್ಧೀ, ಹುಡುಗ ಲಿಂಗ ಕಟ್ಟಿಕೊಳ್ಳಲು ಒಲ್ಲೆ ಅನ್ನುತ್ತಾನೆ, ನಾಸ್ತಿಕನಾಗಿಬಿಟ್ಟಿದ್ದಾನೆ, ಏನು ಮಾಡಲಿ?" ಎಂದು ಕಣ್ಣೀರು ಹಾಕುತ್ತಾಳೆ. ಈ ಕಣ್ಣೀರು ಸಣ್ಣದಲ್ಲ. ಒಂದು ತಲೆಮಾರು ಇನ್ನೊಂದು ತಲೆಮಾರಿನ ಕೈ ಬಿಡುತ್ತಿದೆಯೋ ಏನೋ ಎಂಬ ಭಯ ಅದರಲ್ಲಿದೆ. ಆದ್ದರಿಂದ ಈ ವಿಷಯವನ್ನು ಸಾವಧಾನವಾಗಿ ನೋಡಬೇಕಾಗಿದೆ.

ಆ ಹುಡುಗನನ್ನು ಬೈಯುವುದಕ್ಕೆ ಮೊದಲು ಅವನ ಪ್ರಶ್ನೆಯನ್ನು ಗಮನಿಸಿರಿ. "ಏನು ಸಿಗುತ್ತದೆ?" ಎಂದು ಅವನು ಕೇಳಿದ. ಅಜ್ಜನಿಗೆ ನಿಜವಾಗಿ ಏನಾದರೂ ಸಿಕ್ಕಿದ್ದರೆ ಸಿಟ್ಟು ಏಕೆ ಬರಬೇಕು? ಹಸಿದವನು ಬಂದು "ಈ ರೊಟ್ಟಿಯಲ್ಲಿ ರುಚಿ ಇದೆಯೇ?" ಎಂದರೆ, ಉಣ್ಣುವವನು ಜಗಳವಾಡುವುದಿಲ್ಲ. ಒಂದು ತುಂಡು ಮುರಿದು ಕೊಡುತ್ತಾನೆ.

ಹೆಸರುಗಳ ಗೊಂದಲ

ಮೊದಲು ಈ ಶಬ್ದಗಳನ್ನು ತಿಳಿದುಕೊಳ್ಳೋಣ. ಸಂಸ್ಕೃತದಲ್ಲಿ 'ಅಸ್ತಿ' ಎಂದರೆ ಇದೆ, 'ನಾಸ್ತಿ' ಎಂದರೆ ಇಲ್ಲ. ವೈಯಾಕರಣನಾದ ಪಾಣಿನಿಯು ಆಸ್ತಿಕ, ನಾಸ್ತಿಕ ಎಂಬ ಪದಗಳನ್ನು ಈ ಇದೆ–ಇಲ್ಲಗಳಿಂದಲೇ ಸಾಧಿಸಿದ್ದಾನೆ. ಯಾವುದು ಇದೆ, ಯಾವುದು ಇಲ್ಲ? ವ್ಯಾಖ್ಯಾನಕಾರರು ಪರಲೋಕ ಎಂದು ಅರ್ಥ ಮಾಡಿದರು. ಮನುಸ್ಮೃತಿಯು ವೇದವನ್ನು ನಿಂದಿಸುವವನೇ ನಾಸ್ತಿಕ ಎಂದಿತು. ಮುಂದೆ ದರ್ಶನಶಾಸ್ತ್ರದವರು ವೇದವನ್ನು ಪ್ರಮಾಣವೆಂದು ಒಪ್ಪಿದವರೆಲ್ಲ ಆಸ್ತಿಕರು, ಒಪ್ಪದವರೆಲ್ಲ ನಾಸ್ತಿಕರು ಎಂದು ಗೆರೆ ಎಳೆದರು.

ಈ ಗೆರೆಯಿಂದ ಏನಾಯಿತು ನೋಡಿರಿ. ಪ್ರಕೃತಿ ಮತ್ತು ಪುರುಷ ಎಂಬ ಎರಡು ತತ್ತ್ವಗಳಿಂದ ಜಗತ್ತನ್ನು ವಿವರಿಸುವ ಸಾಂಖ್ಯರಿಗೆ ಸೃಷ್ಟಿಕರ್ತನಾದ ಈಶ್ವರನ ಅಗತ್ಯ ಬೀಳಲಿಲ್ಲ. ಯಜ್ಞದ ಫಲವು ಕರ್ಮದ ಬಲದಿಂದಲೇ ಬರುತ್ತದೆ, ಅದನ್ನು ಒಬ್ಬ ದೇವರು ಹಂಚಬೇಕಾಗಿಲ್ಲ ಎಂದು ಪೂರ್ವಮೀಮಾಂಸಕರು ವಾದಿಸಿದರು. ಆದರೂ ಇವರು ಆಸ್ತಿಕರು! ಅಹಿಂಸೆಯನ್ನೇ ಉಸಿರಾಗಿಸಿಕೊಂಡ ಜೈನರು, ಕರುಣೆಯನ್ನೇ ಧರ್ಮವೆಂದ ಬೌದ್ಧರು ನಾಸ್ತಿಕರು! ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಲ್ಲೇಖನದಿಂದ ದೇಹ ಬಿಟ್ಟ ತಪಸ್ವಿಗಳನ್ನು ನಾಸ್ತಿಕರೆಂದು ಕರೆಯಲು ಯಾರ ನಾಲಿಗೆ ಏಳುತ್ತದೆ? ಇನ್ನು ನಮ್ಮ ಶರಣರು. ಅವರು ಶಾಸ್ತ್ರದ ಮಾತಿಗಿಂತ ಅನುಭಾವದ ಮಾತು ಮೇಲು ಎಂದರು. ಆ ಹಳೆಯ ಅಳತೆಗೋಲನ್ನು ಹಿಡಿದರೆ ಶರಣರನ್ನು ಯಾವ ಸಾಲಿನಲ್ಲಿ ನಿಲ್ಲಿಸುವಿರಿ?

ಆದ್ದರಿಂದ ನಾಸ್ತಿಕ ಎಂಬುದನ್ನು ಬೈಗುಳದ ಶಬ್ದವನ್ನಾಗಿ ಮಾಡಬೇಡಿರಿ. ಕಠೋಪನಿಷತ್ತಿನ ನಚಿಕೇತ ಎಳೆಯ ಹುಡುಗ. ಸತ್ತ ಮೇಲೆ ಮನುಷ್ಯ ಉಳಿಯುತ್ತಾನೆಯೋ ಇಲ್ಲವೋ ಎಂಬ ಸಂಶಯವನ್ನು ಅವನು ಸಾಕ್ಷಾತ್ ಯಮನ ಮುಂದೆಯೇ ಇಟ್ಟನು. ಯಮನು ಧನಕನಕಗಳ, ದೀರ್ಘಾಯುಷ್ಯದ ಆಸೆ ತೋರಿಸಿದರೂ ಅವನು ತನ್ನ ಪ್ರಶ್ನೆಯನ್ನು ಬಿಡಲಿಲ್ಲ. ಉಪನಿಷತ್ತು ಆ ಹುಡುಗನನ್ನು ದೂರಲಿಲ್ಲ, ಕೊಂಡಾಡಿತು. ಸಂಶಯ ಪಾಪವಾಗಿದ್ದರೆ ನಚಿಕೇತನ ಕಥೆಯೇ ಇರುತ್ತಿರಲಿಲ್ಲ.

ನಾಲ್ಕು ಬಗೆಯ 'ಇದೆ', ನಾಲ್ಕು ಬಗೆಯ 'ಇಲ್ಲ'

ಇದೆ ಎನ್ನುವವರೆಲ್ಲ ಒಂದೇ ಕಾರಣಕ್ಕೆ ಹಾಗೆ ಹೇಳುವುದಿಲ್ಲ. ನಂಬುಗೆಯಲ್ಲಿ ನಾಲ್ಕು ಬಗೆಗಳುಂಟು.

ಮೊದಲನೆಯದು ರೂಢಿಯ ನಂಬುಗೆ. ಅಪ್ಪ ನಂಬಿದ್ದ, ಅದಕ್ಕೆ ನಾನೂ ನಂಬುತ್ತೇನೆ. ಎರಡನೆಯದು ಭಯದ ನಂಬುಗೆ. ಪೂಜೆ ತಪ್ಪಿದರೆ ಮನೆಗೆ ಕೇಡಾದೀತು, ಅದಕ್ಕೆ ಕೈ ಮುಗಿಯುತ್ತೇನೆ. ಮೂರನೆಯದು ಲಾಭದ ನಂಬುಗೆ. ಮಗನಿಗೆ ನೌಕರಿಯಾದರೆ ಬೆಳ್ಳಿಯ ಛತ್ರಿ ಒಪ್ಪಿಸುತ್ತೇನೆ ಎಂದು ಹರಕೆ ಹೊರುವುದು. ನೌಕರಿ ಬರಲಿಲ್ಲವೋ, ಛತ್ರಿಯೂ ಇಲ್ಲ, ಭಕ್ತಿಯೂ ಇಲ್ಲ. ನಾಲ್ಕನೆಯದು ಅರಿವಿನ ನಂಬುಗೆ. ತಾನು ನಡೆದು ನೋಡಿ, ತನ್ನ ಬದುಕಿನಲ್ಲಿ ಬೆಳಕು ಕಂಡು, ಹೌದು ಎನ್ನುವುದು.

ಇಲ್ಲ ಎನ್ನುವುದರಲ್ಲಿಯೂ ನಾಲ್ಕು ಬಗೆಗಳಿವೆ. ಮೊದಲನೆಯದು ಅನುಕರಣೆಯ ಇಲ್ಲ. ಗೆಳೆಯರೆಲ್ಲ ಇಲ್ಲ ಎನ್ನುತ್ತಾರೆ, ನಾನು ಹೌದೆಂದರೆ ನಕ್ಕಾರು. ಎರಡನೆಯದು ಜಿಗುಪ್ಸೆಯ ಇಲ್ಲ. ಹಣೆತುಂಬ ವಿಭೂತಿ ಬಳಿದುಕೊಂಡವನು ತಕ್ಕಡಿಯಲ್ಲಿ ಮೋಸ ಮಾಡುವುದನ್ನು ಕಂಡು, ದೇವರ ಹೆಸರಿನಲ್ಲಿ ಒಬ್ಬನನ್ನು ಹೊಸ್ತಿಲ ಹೊರಗೆ ನಿಲ್ಲಿಸುವುದನ್ನು ಕಂಡು, ಇಂಥವರ ದೇವರು ನನಗೆ ಬೇಡ ಎನ್ನುವುದು. ಮೂರನೆಯದು ನೋವಿನ ಇಲ್ಲ. ಕೂಸು ಬದುಕಲಿ ಎಂದು ಎಷ್ಟು ಬೇಡಿದರೂ ಕೂಸು ಉಳಿಯಲಿಲ್ಲ, ಅಂದಿನಿಂದ ಆ ತಾಯಿ ದೀಪ ಹಚ್ಚಲಿಲ್ಲ. 2020, 2021ರ ಕೊರೋನಾ ಕಾಲದಲ್ಲಿ ತಮ್ಮವರ ಮುಖವನ್ನು ಕೊನೆಯ ಸಲ ನೋಡಲಿಕ್ಕೂ ಆಗದೆ ಹೋದ ಮನೆಗಳು ಎಷ್ಟಿವೆ! ನಾಲ್ಕನೆಯದು ವಿಚಾರದ ಇಲ್ಲ. ಪ್ರಾಮಾಣಿಕವಾಗಿ ಹುಡುಕಿ, ನನಗೆ ಸಾಕ್ಷಿ ಸಿಗಲಿಲ್ಲ, ಸಿಗದೆ ಇದೆ ಎನ್ನಲಾರೆ ಎನ್ನುವುದು.

ಈಗ ಇವೆರಡನ್ನೂ ಎದುರುಬದುರು ಇಟ್ಟು ನೋಡಿರಿ. ರೂಢಿಯಿಂದ ಹೌದೆನ್ನುವವನೂ ಅನುಕರಣೆಯಿಂದ ಇಲ್ಲವೆನ್ನುವವನೂ ಒಂದೇ ಬಳ್ಳಿಯ ಕಾಯಿಗಳು. ಇಬ್ಬರೂ ತಾವಾಗಿ ವಿಚಾರ ಮಾಡಲಿಲ್ಲ. ಒಬ್ಬನು ಅಪ್ಪನಿಂದ ಸಾಲ ತಂದ, ಇನ್ನೊಬ್ಬನು ಗೆಳೆಯನಿಂದ ಸಾಲ ತಂದ. ಹಾಗೆಯೇ ಅರಿವಿನಿಂದ ಹೌದೆನ್ನುವವನೂ ವಿಚಾರದಿಂದ ಇಲ್ಲವೆನ್ನುವವನೂ ಅಕ್ಕಪಕ್ಕದ ಮನೆಯವರು. ಇಬ್ಬರೂ ಸತ್ಯವನ್ನೇ ಬಯಸಿದವರು. ನಮ್ಮ ನಾಡಿನ ವಿಚಾರವಾದಿ ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಭೌತಶಾಸ್ತ್ರದ ಅಧ್ಯಾಪಕರು, 1973ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನೇ ರಚಿಸಿದವರು. ಖಾದಿ ಉಟ್ಟು, ಮದುವೆಯಾಗದೆ, ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಬದುಕಿ 2005ರಲ್ಲಿ ಕಣ್ಣು ಮುಚ್ಚಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದು ಅವರ ನಿಲುವು. ಅವರ ಬಾಳಿನಲ್ಲಿ ಅಪರಿಗ್ರಹವಿತ್ತು, ಕಾಯಕವಿತ್ತು. ಕಾವಿ ತೊಟ್ಟ ನಾವೂ ಅದನ್ನು ಕಂಡು ಕಲಿಯಬೇಕಾದದ್ದೇ.

ಇನ್ನು ನೋವಿನಿಂದ ಇಲ್ಲ ಎಂದವರು. ಅವರೊಡನೆ ವಾದ ಮಾಡಲು ಹೋಗಬೇಡಿರಿ. ಕೂಸನ್ನು ಕಳೆದುಕೊಂಡ ತಾಯಿಗೆ "ಎಲ್ಲ ಪೂರ್ವಕರ್ಮ" ಎನ್ನುವುದು ಗಾಯಕ್ಕೆ ಖಾರ ಹಾಕಿದಂತೆ. ಅವಳ ಮನೆಗೆ ಒಂದು ಹೊತ್ತಿನ ಅನ್ನ ಮಾಡಿ ಒಯ್ಯಿರಿ. ಅವಳ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿರಿ. ದೇವರಿದ್ದಾನೆ ಎಂಬ ಮಾತು ಅವಳಿಗೆ ಮತ್ತೆ ಎಂದಾದರೂ ನಿಜವೆನಿಸಿದರೆ, ಅದು ಆ ಅನ್ನದ ಮೂಲಕ ಎನಿಸೀತು, ಉಪದೇಶದ ಮೂಲಕ ಅಲ್ಲ.

ಟಾಲ್‌ಸ್ಟಾಯ್ ಅವರ ಸಂಕಟ

ಎಲ್ಲ ಇದ್ದೂ ಏನೂ ಇಲ್ಲವಾಗುವ ಸ್ಥಿತಿಯೊಂದಿದೆ. ಇದಕ್ಕೆ ರಷ್ಯಾ ದೇಶದ ಮಹಾನುಭಾವ ಲಿಯೋ ಟಾಲ್‌ಸ್ಟಾಯ್ ಅವರ ಜೀವನವೇ ದೃಷ್ಟಾಂತ. 1828ರಲ್ಲಿ ಶ್ರೀಮಂತ ಜಮೀನ್ದಾರರ ಮನೆಯಲ್ಲಿ ಹುಟ್ಟಿದರು. 'ಯುದ್ಧ ಮತ್ತು ಶಾಂತಿ', 'ಅನ್ನಾ ಕರೆನಿನಾ' ಕಾದಂಬರಿಗಳಿಂದ ಲೋಕಪ್ರಸಿದ್ಧರಾದರು. ಹೊಲ ಇತ್ತು, ಮನೆ ಇತ್ತು, ಹೆಂಡತಿ ಮಕ್ಕಳಿದ್ದರು, ದೇಹದಲ್ಲಿ ಕಸುವಿತ್ತು. ಚಿಕ್ಕಂದಿನಲ್ಲಿ ಕಲಿಸಿದ ದೇವರ ನಂಬುಗೆ ಮಾತ್ರ ಹರೆಯದಲ್ಲಿಯೇ ಉದುರಿಹೋಗಿತ್ತು. ಯಾರೂ ಕಸಿದುಕೊಳ್ಳಲಿಲ್ಲ, ಉಪಯೋಗಿಸದೆ ಇಟ್ಟ ಹಳೆಯ ಗೋಡೆಯಂತೆ ಅದು ತಾನೇ ಕುಸಿದಿತ್ತು.

ಐವತ್ತರ ಹತ್ತಿರ ಬಂದಾಗ ಅವರನ್ನು ಒಂದು ಪ್ರಶ್ನೆ ಹಿಡಿಯಿತು. ಇದೆಲ್ಲ ಏತಕ್ಕೆ? ನಾಳೆ ಸಾವು ಬಂದು ಎಲ್ಲವನ್ನೂ ಅಳಿಸುವುದಾದರೆ ಇಂದಿನ ಈ ದುಡಿಮೆಗೆ ಏನು ಅರ್ಥ? ಉತ್ತರ ಸಿಗಲಿಲ್ಲ. ಎಲ್ಲಿ ಉರುಲು ಹಾಕಿಕೊಂಡುಬಿಡುತ್ತೇನೆಯೋ ಎಂದು ಮನೆಯಲ್ಲಿದ್ದ ಹಗ್ಗವನ್ನು ತಾವೇ ಬಚ್ಚಿಟ್ಟರು. ಬಂದೂಕು ಹಿಡಿದು ಬೇಟೆಗೆ ಹೋಗುವುದನ್ನು ಬಿಟ್ಟರು. ಈ ಸಂಕಟವನ್ನೆಲ್ಲ ಅವರು ಒಂದು ಪುಸ್ತಕದಲ್ಲಿ ತೋಡಿಕೊಂಡಿದ್ದಾರೆ. 1882ರಲ್ಲಿ ಅದನ್ನು ಅಚ್ಚು ಮಾಡಲು ಹೊರಟಾಗ ಅಲ್ಲಿಯ ಸರಕಾರದ ಸೆನ್ಸಾರಿನವರು ತಡೆದರು.

ಆ ಪುಸ್ತಕದಲ್ಲಿ ಅವರು ಪೂರ್ವದೇಶದ್ದೆಂದು ಒಂದು ಕಥೆ ಹೇಳುತ್ತಾರೆ. ಮೃಗದ ಭಯದಿಂದ ಓಡಿದ ಪಯಣಿಗ ಬಾವಿಗೆ ಇಳಿದ. ಕೆಳಗೆ ಬಾಯ್ತೆರೆದ ಘಟಸರ್ಪ. ನಡುವೆ ಒಂದು ಕೊಂಬೆ ಹಿಡಿದು ಜೋತ. ಆ ಕೊಂಬೆಯ ಬುಡವನ್ನು ಕಪ್ಪು ಬಿಳುಪು ಇಲಿಗಳೆರಡು ಕಡಿಯುತ್ತಿವೆ. ಅಷ್ಟರಲ್ಲಿ ಎಲೆಯ ಮೇಲೆ ಕಂಡ ಜೇನಹನಿಯನ್ನು ಅವನು ನೆಕ್ಕುತ್ತಾನೆ. ಈ ಕಥೆ ಬೇರೆ ಎಲ್ಲಿಯದೂ ಅಲ್ಲ, ನಮ್ಮ ಮಹಾಭಾರತದ್ದು! ಸ್ತ್ರೀಪರ್ವದಲ್ಲಿ, ಮಕ್ಕಳನ್ನೆಲ್ಲ ಕಳೆದುಕೊಂಡ ಧೃತರಾಷ್ಟ್ರನಿಗೆ ವಿದುರನು ಸಂಸಾರದ ಸ್ವರೂಪವನ್ನು ತಿಳಿಸಲು ಇಂಥದೇ ಕಥೆಯನ್ನು ಹೇಳುತ್ತಾನೆ. ಹಗಲಿರುಳೆಂಬ ಇಲಿಗಳು ಎಲ್ಲರ ಕೊಂಬೆಯನ್ನೂ ಕಡಿಯುತ್ತಿವೆ. ಟಾಲ್‌ಸ್ಟಾಯ್ ಅವರಿಗೆ ಆ ಜೇನು ಸಿಹಿಯಾಗದೆ ಹೋಯಿತು.

ವಿಜ್ಞಾನವನ್ನು ಕೇಳಿದರು. ಅದು ವಸ್ತುಗಳು ಹೇಗೆ ನಡೆಯುತ್ತವೆ ಎಂಬುದನ್ನು ಹೇಳಿತು, ನಾನು ಏಕೆ ಬಾಳಬೇಕು ಎಂಬುದನ್ನು ಹೇಳಲಿಲ್ಲ. ತತ್ತ್ವಶಾಸ್ತ್ರವನ್ನು ಕೇಳಿದರು. ಅದು ಇವರ ಪ್ರಶ್ನೆಯನ್ನೇ ಇನ್ನಷ್ಟು ಚೊಕ್ಕಟ ಮಾಡಿ ಹಿಂದಕ್ಕೆ ಕೊಟ್ಟಿತು. ಕೊನೆಗೆ ತಮ್ಮ ಸುತ್ತಲಿನ ರೈತರನ್ನು ನೋಡಿದರು. ಅಕ್ಷರ ಬಾರದವರು, ಮೈಮುರಿದು ದುಡಿಯುವವರು, ರೋಗ ಬಂದರೆ ಸಹಿಸುವವರು, ಸಾವು ಬಂದರೆ ಗೋಳಾಡದೆ ಕಣ್ಣು ಮುಚ್ಚುವವರು. ತಮ್ಮಂಥ ಪಂಡಿತರಿಗಿಲ್ಲದ ಯಾವುದೋ ಒಂದು ಇವರಲ್ಲಿದೆ ಎಂದು ಅವರಿಗೆ ತಿಳಿಯಿತು. ನಂಬುಗೆ ಎಂದರೆ ಯಾವುದೋ ಸಿದ್ಧಾಂತಕ್ಕೆ ತಲೆಯಾಡಿಸುವುದಲ್ಲ, ಮನುಷ್ಯನನ್ನು ಬದುಕಿಸುವ ಬಲವೇ ಅದು ಎಂದು ಕಂಡುಕೊಂಡರು.

ಕಥೆ ಇಲ್ಲಿಗೆ ಮುಗಿಯಲಿಲ್ಲ ಎಂಬುದನ್ನು ಗಮನಿಸಬೇಕು. ರೈತರಂತೆ ತಾವೂ ಇಗರ್ಜಿಗೆ ಹೋದರು, ಉಪವಾಸ ಮಾಡಿದರು. ಆದರೆ ಅಲ್ಲಿ ಬೇರೆ ಪಂಥದವರನ್ನು ಹಳಿಯುವುದನ್ನೂ, ಯುದ್ಧಕ್ಕೆ ಆಶೀರ್ವಾದ ಮಾಡುವುದನ್ನೂ ಅವರ ಮನಸ್ಸು ಒಪ್ಪಲಿಲ್ಲ. ಒಪ್ಪದ್ದನ್ನು ಒಪ್ಪಿದಂತೆ ನಟಿಸಲಿಲ್ಲ. 1901ರಲ್ಲಿ ಅವರ ಮತದ ಮುಖ್ಯಸಭೆಯೇ ಅವರನ್ನು ಹೊರಗಿನವರೆಂದು ಸಾರಿತು. ಹಾಗಾದರೆ ಅವರು ಆಸ್ತಿಕರೋ, ನಾಸ್ತಿಕರೋ? ಮತದವರು ನಾಸ್ತಿಕನೆಂದರು, ಪಂಡಿತರು ಮರುಳನೆಂದರು. ಆದರೆ ಅವರ ಬರಹಗಳಿಂದ ಬೆಳಕು ಪಡೆದ ಒಬ್ಬ ತರುಣ ದಕ್ಷಿಣ ಆಫ್ರಿಕಾದಲ್ಲಿದ್ದ. 1909ರಲ್ಲಿ ಅವರಿಗೆ ಪತ್ರ ಬರೆದ, 1910ರಲ್ಲಿ ಜೋಹಾನ್ಸ್‌ಬರ್ಗಿನ ಹತ್ತಿರ ಅವನು ನೆಲೆಸಿದ ತೋಟಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂದೇ ಹೆಸರಾಯಿತು. ಆತನೇ ಮೋಹನದಾಸ ಗಾಂಧಿ.

ಗಾಂಧೀಜಿ ಮತ್ತು ಗೋರಾ

ಗಾಂಧೀಜಿಯವರು ಮೊದಲು ದೇವರೇ ಸತ್ಯ ಎನ್ನುತ್ತಿದ್ದರು. ವಿಚಾರ ಬೆಳೆದಂತೆ ಆ ಮಾತನ್ನು ತಿರುವಿಹಾಕಿ, ಸತ್ಯವೇ ದೇವರು ಎಂದರು. ದೇವರನ್ನು ಅಲ್ಲಗಳೆಯುವವರು ಉಂಟು, ಆದರೆ ಸತ್ಯವನ್ನು ಬೇಡವೆನ್ನುವ ಪ್ರಾಮಾಣಿಕ ನಾಸ್ತಿಕನಿಲ್ಲ ಎಂಬುದು ಅವರು ಕೊಟ್ಟ ಕಾರಣ. ಒಂದು ಮಾತಿನ ಹಿಂದುಮುಂದಿನಲ್ಲಿ ಎಷ್ಟು ದೊಡ್ಡ ಬಾಗಿಲು ತೆರೆಯಿತು ನೋಡಿರಿ!

ಆ ಬಾಗಿಲಿನಿಂದ ಒಬ್ಬರು ಒಳಗೆ ಬಂದರು. ಆಂಧ್ರದ ಗೋಪರಾಜು ರಾಮಚಂದ್ರರಾವ್, ಜನ ಕರೆಯುತ್ತಿದ್ದುದು ಗೋರಾ ಎಂದು. 1902ರಲ್ಲಿ ಹುಟ್ಟಿದವರು, 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರವನ್ನೇ ಕಟ್ಟಿದವರು. ದೇವರಿಲ್ಲ ಎಂದು ತಿಳಿದರೆ ಮನುಷ್ಯನು ಹಣೆಬರಹವನ್ನು ದೂರದೆ ತನ್ನ ಹೊಣೆಯನ್ನು ತಾನೇ ಹೊರುತ್ತಾನೆ ಎಂಬುದು ಅವರ ವಾದ. ಮಾತಿನಲ್ಲಿಯೇ ನಿಲ್ಲದೆ ಅಸ್ಪೃಶ್ಯತೆಯನ್ನು ತೊಡೆಯಲು ಸಹಪಂಕ್ತಿ ಭೋಜನ ನಡೆಸಿದರು. 1944ರ ಕೊನೆಯಲ್ಲಿ ಸೇವಾಗ್ರಾಮಕ್ಕೆ ಬಂದು ಗಾಂಧೀಜಿಯೊಡನೆ ಮಾತನಾಡಿದರು.

ದಿನವೂ ಪ್ರಾರ್ಥನೆ ನಡೆಯುವ ಆಶ್ರಮ, ಅಲ್ಲಿಗೆ ಬಂದ ನಾಸ್ತಿಕ. ಗಾಂಧೀಜಿ ಅವರನ್ನು ಮತಾಂತರ ಮಾಡಲು ಹೋಗಲಿಲ್ಲ, ಹೊರಗೆ ಕಳಿಸಲೂ ಇಲ್ಲ. ನನ್ನ ಆಸ್ತಿಕತೆಯೇ ಸರಿ, ನಿಮ್ಮ ನಾಸ್ತಿಕತೆ ತಪ್ಪು ಎಂದು ನಾನು ಹೇಳಲಾರೆ ಎಂಬ ಅರ್ಥದ ಮಾತನ್ನು ಗಾಂಧೀಜಿ ಆಡಿದರೆಂದು ಗೋರಾ ಅವರೇ ಬರೆದಿದ್ದಾರೆ. ಗೋರಾ ತಮ್ಮ ಮಗಳನ್ನು ಅಸ್ಪೃಶ್ಯನೆಂದು ಕರೆಸಿಕೊಂಡಿದ್ದ ಕುಲದ ತರುಣನಿಗೆ ಕೊಡಲು ನಿಶ್ಚಯಿಸಿದಾಗ, ಮದುವೆಯನ್ನು ಆಶ್ರಮದಲ್ಲಿಯೇ ನಡೆಸಲು ಗಾಂಧೀಜಿ ಒಪ್ಪಿದರು. ವಿಧಿಯಲ್ಲಿ ದೇವರ ಹೆಸರು ಬರುವ ಕಡೆ ಸತ್ಯ ಎಂದು ಹೇಳುವುದಕ್ಕೂ ಒಪ್ಪಿದರು. 1948ರ ಜನವರಿ 30ರಂದು ಅವರು ಗುಂಡಿಗೆ ಬಲಿಯಾದರು. ಆದರೂ ಕೊಟ್ಟ ಮಾತಿನಂತೆ ಮಾರ್ಚ್ ತಿಂಗಳಲ್ಲಿ ಆ ಮದುವೆ ಸೇವಾಗ್ರಾಮದಲ್ಲಿಯೇ ನಡೆಯಿತು. ದೇವರಿದ್ದಾನೆ ಎಂದವರೂ ಇಲ್ಲ ಎಂದವರೂ ಒಂದು ಕೆಲಸಕ್ಕೆ ಕೈ ಸೇರಿಸಿದರು. ಆ ಕೆಲಸ ಯಾವುದು? ಮನುಷ್ಯರ ನಡುವಿನ ಗೋಡೆ ಕೆಡಹುವುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕೈ ಹಾಕಿದ ಕೆಲಸವೂ ಅದೇ ಅಲ್ಲವೇ?

ಕತ್ತಲೆಯಲ್ಲಿಯೂ ನಡೆದವರು

ಹಾಗಾದರೆ ನಂಬಿದವರಿಗೆ ಎಲ್ಲ ಬೆಳಕೇ ಇರುತ್ತದೆಯೇ? ಹಾಗೂ ಇಲ್ಲ. ಮದರ್ ತೆರೇಸಾ ಅವರ ಹೆಸರು ಎಲ್ಲರಿಗೂ ಗೊತ್ತು. 1950ರಲ್ಲಿ ಕಲಕತ್ತೆಯಲ್ಲಿ ತಮ್ಮ ಸೇವಾಸಂಘವನ್ನು ಸ್ಥಾಪಿಸಿದರು, ಬೀದಿಯಲ್ಲಿ ಬಿದ್ದು ಸಾಯುವವರನ್ನು ಎತ್ತಿ ತಂದು ಉಪಚರಿಸಿದರು, 1979ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು, 1997ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ, 2007ರಲ್ಲಿ, ಅವರು ತಮ್ಮ ಗುರುಗಳಿಗೆ ಬರೆದ ಪತ್ರಗಳು ಪ್ರಕಟವಾದವು. ಓದಿದವರು ಬೆರಗಾದರು. ದಶಕಗಳ ಕಾಲ ಪ್ರಾರ್ಥನೆಯಲ್ಲಿ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಆಗುತ್ತಿರಲಿಲ್ಲ, ಒಳಗೆಲ್ಲ ಒಣಗಿದಂತೆ, ಕತ್ತಲೆಯಂತೆ ಇತ್ತು ಎಂದು ಆ ಪತ್ರಗಳು ಹೇಳಿದವು.

ಕೆಲವರು ಇದರಿಂದ ಅವರು ಒಳಗೊಳಗೆ ನಾಸ್ತಿಕರಾಗಿದ್ದರೆಂದು ಹೇಳಿದರು. ನಾವು ಹಾಗೆ ತಿಳಿಯುವುದಿಲ್ಲ. ಮನಸ್ಸಿಗೆ ಹಿತವಾಗುವುದೇ ಭಕ್ತಿಯಾಗಿದ್ದರೆ, ಹಿತ ನಿಂತ ದಿನವೇ ಅವರು ಸೇವೆಯನ್ನೂ ನಿಲ್ಲಿಸುತ್ತಿದ್ದರು. ನಿಲ್ಲಿಸಲಿಲ್ಲ. ಪೂಜೆಗೆ ಕುಳಿತಾಗ ಮನಸ್ಸು ಒಣಗಿದೆ, ಏನೂ ಅನ್ನಿಸುವುದಿಲ್ಲ ಎಂದು ನಿಮ್ಮಲ್ಲಿ ಹಲವರು ಅಂಜುತ್ತೀರಿ. ಅಂಜಬೇಡಿರಿ. ಬೇಸಿಗೆಯಲ್ಲಿ ಹೊಲ ಒಣಗಿ ಬಿರುಕು ಬಿಡುತ್ತದೆ. ರೈತ ಅದನ್ನು ಸತ್ತ ಹೊಲವೆಂದು ಬಿಟ್ಟುಬಿಡುವುದಿಲ್ಲ, ಮಾಗಿ ಉಳುಮೆ ಮಾಡಿ ಮಳೆಗೆ ಕಾಯುತ್ತಾನೆ.

ಶ್ರದ್ಧೆ ಮೊದಲ ಮೆಟ್ಟಿಲು

ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿ ಈ ಪ್ರಶ್ನೆಗೆ ಒಂದು ಸುಂದರವಾದ ಉತ್ತರವಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ಸ್ಥಲಗಳು. ಈ ಆರಕ್ಕೂ ಆರು ಬಗೆಯ ಭಕ್ತಿಗಳು. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಇದರ ಕ್ರಮವನ್ನು ನೋಡಿರಿ. ನಂಬುಗೆ, ಅಂದರೆ ಶ್ರದ್ಧೆ, ಮೊದಲ ಮೆಟ್ಟಿಲಿನಲ್ಲಿದೆ. ಅದು ಕೊನೆಯ ಮೆಟ್ಟಿಲಲ್ಲ. ನಾನು ನಂಬುತ್ತೇನೆ ಎಂದು ಹೇಳಿ ಮೊದಲ ಮೆಟ್ಟಿಲಿನ ಮೇಲೆಯೇ ಆಯುಷ್ಯವಿಡೀ ಕುಳಿತವನಿಗೂ, ಮೆಟ್ಟಿಲೇ ಹತ್ತುವುದಿಲ್ಲ ಎಂದವನಿಗೂ ಮೇಲಿನ ಮನೆ ದೂರವೇ.

ಸೊನ್ನಲಿಗೆಯ ಸಿದ್ಧರಾಮನ ಜೀವನವನ್ನು ನೆನೆಯಿರಿ. ಇಂದು ಸೊಲ್ಲಾಪುರವೆನಿಸುವ ಆ ಊರಿನಲ್ಲಿ ಅವನು ಕೆರೆ ಕಟ್ಟಿಸಿದನು, ಗುಡಿ ಕಟ್ಟಿಸಿದನು, ಸಾವಿರಾರು ಜನರಿಗೆ ಆಸರೆಯಾದನು. ನಂಬುಗೆಗೆ ಕೊರತೆಯಿರಲಿಲ್ಲ, ಸತ್ಕಾರ್ಯಕ್ಕೆ ಕೊರತೆಯಿರಲಿಲ್ಲ. ಆದರೂ ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಕೆಣಕಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಕೆಲಸಗಾರರು ಸಿಟ್ಟಾಗಿ ಕಲ್ಲೆಸೆದರು, ಸಿದ್ಧರಾಮನಿಗೂ ಕೋಪ ಬಂತು. ಹೊರಗೆ ಇಷ್ಟೆಲ್ಲ ಕಟ್ಟಿದೆ, ಒಳಗೆ ಏನು ಕಟ್ಟಿಕೊಂಡೆ ಎಂಬುದೇ ಪ್ರಭುಗಳ ಪ್ರಶ್ನೆಯ ತಿರುಳು. ಆ ಪ್ರಶ್ನೆ ನಾಟಿದ ಮೇಲೆ ಸಿದ್ಧರಾಮನು ಕಲ್ಯಾಣಕ್ಕೆ ನಡೆದನು, ಅನುಭವಮಂಟಪದಲ್ಲಿ ಕುಳಿತನು, ಶಿವಯೋಗಿಯಾದನು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನೂ ಪ್ರಭುಗಳು ಸುಮ್ಮನೆ ಒಳಗೆ ಬಿಡಲಿಲ್ಲ, ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಶೂನ್ಯಪೀಠದ ಮೇಲೆ ಶರಣರು ಕೂಡ್ರಿಸಿದ್ದು ತಲೆಯಾಡಿಸುವವರನ್ನಲ್ಲ, ಪ್ರಶ್ನೆ ಕೇಳುವವರನ್ನು ಎಂಬುದು ನಮಗೆ ಮರೆತುಹೋಗಬಾರದು.

ಒಂದು ಊರಿನಲ್ಲಿ ಬರ ಬಂತೆಂದು ತಿಳಿಯಿರಿ. ಈ ನೆಲದಲ್ಲಿ ನೀರಿದೆ ಎಂದು ಒಬ್ಬ ಹೇಳುತ್ತಾನೆ, ಇಲ್ಲ ಎಂದು ಇನ್ನೊಬ್ಬ ಹೇಳುತ್ತಾನೆ. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಸಂಜೆಯ ತನಕ ವಾದಿಸುತ್ತಾರೆ, ಇಬ್ಬರ ಗಂಟಲೂ ಒಣಗುತ್ತದೆ. ಮೂರನೆಯವನು ಗುದ್ದಲಿ ತಂದು ಅಗೆಯುತ್ತಾನೆ. ಅವನಿಗೂ ಸಂಶಯವಿದೆ, ಆದರೆ ಬಾಯಾರಿಕೆ ಸಂಶಯಕ್ಕಿಂತ ದೊಡ್ಡದಾಗಿದೆ. ಆ ಮೂರನೆಯವನೇ ಅನುಭಾವಿಯಾಗುವ ದಾರಿಯಲ್ಲಿರುವವನು. ನೀರು ಕಂಡ ಮೇಲೆ ಅವನು ವಾದವನ್ನೂ ಮಾಡುವುದಿಲ್ಲ. ಕೊಡ ತುಂಬಿ ಇಬ್ಬರಿಗೂ ಕುಡಿಸುತ್ತಾನೆ.

ಮಾಡಬೇಕಾದದ್ದು ಏನು?

ನಂಬುವವರೇ, ನಿಮ್ಮ ನಂಬುಗೆಯನ್ನು ನೀವೇ ಮೂರು ಪ್ರಶ್ನೆಗಳಿಂದ ಒರೆಗೆ ಹಚ್ಚಿರಿ. ಹೋದ ವರ್ಷಕ್ಕಿಂತ ಈ ವರ್ಷ ನನ್ನ ಭಯ ಕಡಿಮೆಯಾಗಿದೆಯೇ? ಮನೆಯವರ ಮೇಲೆ, ಆಳುಕಾಳುಗಳ ಮೇಲೆ ನನ್ನ ಸಿಟ್ಟು ಇಳಿದಿದೆಯೇ? ಕೊಡುವಾಗ ನನ್ನ ಕೈ ಹಿಂದಿಗಿಂತ ಸಲೀಸಾಗಿ ಮುಂದೆ ಬರುತ್ತದೆಯೇ? ಮೂರಕ್ಕೂ ಹೌದು ಎಂದು ಬಂದರೆ ಲಿಂಗ ನಿಮ್ಮ ಅಂಗವನ್ನು ಮುಟ್ಟಿದೆ ಎಂದು ತಿಳಿಯಿರಿ. ಇಲ್ಲವೆಂದು ಬಂದರೆ ಪೂಜೆಯ ಹೊತ್ತನ್ನು ಹೆಚ್ಚಿಸುವ ಬದಲು, ಪೂಜೆಯಲ್ಲಿ ಬೇಡುವುದನ್ನು ಕಡಿಮೆ ಮಾಡಿರಿ. ಏನನ್ನೂ ಕೇಳದೆ, ಅಂಗೈಯಲ್ಲಿನ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿ, ಕಾಲು ಗಂಟೆ ಕುಳಿತುಕೊಳ್ಳಿರಿ.

ನಂಬದವರೇ, ನೀವು ಇಲ್ಲಿಗೆ ಬಂದು ಕುಳಿತಿದ್ದರೆ ನಿಮಗೂ ಶರಣು. ಒಪ್ಪದ್ದನ್ನು ಒಪ್ಪಿದೆವೆಂದು ಹೇಳಬೇಡಿರಿ, ತಾಯಿಯನ್ನು ಸಂತೋಷಪಡಿಸಲಿಕ್ಕೂ ಹೇಳಬೇಡಿರಿ. ಆದರೆ ಹುಡುಕುವುದನ್ನು ನಿಲ್ಲಿಸಬೇಡಿರಿ. ಇಲ್ಲ ಎಂಬ ಮಾತು ನಿಮಗೆ ಹಾಸಿಗೆಯಾಗದಿರಲಿ. ನಿಮ್ಮ ಕಾಯಕವನ್ನು ಕಳ್ಳತನವಿಲ್ಲದೆ ಮಾಡಿರಿ, ಗಳಿಸಿದ್ದರಲ್ಲಿ ಹಂಚಿರಿ, ದಿನಕ್ಕೊಮ್ಮೆ ಫೋನು ಬದಿಗಿಟ್ಟು ಒಬ್ಬರೇ ಮೌನವಾಗಿ ಕುಳಿತು, ಕೂತಿರುವ ನಾನು ಯಾರು ಎಂದು ನೋಡಿಕೊಳ್ಳಿರಿ. ಇದಕ್ಕೆ ಯಾವ ದೇವರ ಹೆಸರೂ ಬೇಕಾಗಿಲ್ಲ. ಅಲ್ಲಿ ಕಂಡದ್ದಕ್ಕೆ ನೀವು ಏನು ಹೆಸರಿಡುತ್ತೀರೋ ಅದು ನಿಮಗೆ ಸೇರಿದ್ದು.

ತಾಯಂದಿರೇ, ಮಗನನ್ನು ನಾಸ್ತಿಕನೆಂದು ಕರೆದು ಮನೆಯ ಬಾಗಿಲು ಹಾಕಬೇಡಿರಿ. ಅವನ ಕೊರಳಿಗೆ ಬಲವಂತದಿಂದ ಶಿವದಾರ ಹಾಕಬಹುದು, ಮನಸ್ಸಿಗೆ ಹಾಕಲಾಗುವುದಿಲ್ಲ. ಅವನು ಸುಳ್ಳು ಹೇಳುವುದಿಲ್ಲವೇ, ಕುಡಿಯುವುದಿಲ್ಲವೇ, ಬಡವನನ್ನು ಕಂಡರೆ ಕರಗುತ್ತಾನೆಯೇ, ಅದನ್ನು ನೋಡಿರಿ. ಹಾಗಿದ್ದರೆ ಅರ್ಧ ದಾರಿ ಅವನು ಆಗಲೇ ನಡೆದಿದ್ದಾನೆ. ಉಳಿದರ್ಧಕ್ಕೆ ಅವನಿಗೆ ಬೇಕಾದದ್ದು ನಿಮ್ಮ ಬೈಗುಳವಲ್ಲ, ನಿಮ್ಮ ಮುಖದಲ್ಲಿನ ಶಾಂತಿ. ಪೂಜೆ ಮುಗಿಸಿ ಎದ್ದ ಅಜ್ಜನ ಮುಖದಲ್ಲಿ ದಿನವೂ ಒಂದು ತಿಳಿಯಾದ ನಗೆ ಕಂಡರೆ, ಆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ಮುಖ ಗಂಟಿಕ್ಕಿದ್ದರೆ ಎಷ್ಟು ಪ್ರವಚನ ಕೇಳಿಸಿದರೂ ವ್ಯರ್ಥ.

ಕೊನೆಯದಾಗಿ ಒಂದು ಮಾತು. ತೃಪ್ತಿಯನ್ನು ಯಾರೂ ಯಾರಿಗೂ ಉಣಿಸಲಾರರು. ಗುರು ಎಡೆ ಬಡಿಸಿಯಾನು, ಉಣ್ಣಬೇಕಾದವರು ನೀವು. ನಿಮ್ಮ ಪರವಾಗಿ ನಾವು ನಂಬಲಾರೆವು, ನಿಮ್ಮ ಪರವಾಗಿ ಯಾರೂ ಅಲ್ಲಗಳೆಯಲಾರರು. ಅವರವರ ಬಾಯಾರಿಕೆ ಅವರವರದು, ಅವರವರು ತೋಡಬೇಕಾದ ನೆಲ ಅವರವರ ಕಾಲ ಕೆಳಗೇ ಇದೆ. ಇದೆ ಎಂಬ ಹಟವನ್ನೂ ಇಲ್ಲ ಎಂಬ ಹಟವನ್ನೂ ಗಡಿಯಾಚೆ ಇಟ್ಟು, ಇಂದು ರಾತ್ರಿ ಮಲಗುವ ಮೊದಲು ಗುದ್ದಲಿಯ ಮೊದಲ ಏಟು ಹಾಕಿರಿ.

ನಿಮ್ಮೆಲ್ಲರ ಅಂತರಂಗದಲ್ಲಿ ಅರಿವು ಬೆಳಗಲಿ.